‘ಕೈಪಿಡಿ ಓದು’ ಎಂದವರು, ಕೈಪಿಡಿ ಬರೆದವರು

ಹೋದ ವರ್ಷ ಮಳೆಗಾಲದ ಹೊತ್ತಿಗೆ ನಮ್ಮ ಗುಂಪಿಗೆ ಒಂದು ಹಳೆಯ ಕಂಪ್ಯೂಟರ್ ಸಿಕ್ಕಿತು. ತಾಲೂಕು ಕೇಂದ್ರದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಬಾಗಿಲು ಹಾಕುವಾಗ, ಗುಜರಿಗೆ ಹಾಕುವ ಬದಲು ನಮಗೆ ಕೊಟ್ಟರು. ಜೊತೆಗೊಂದು ಪ್ರಿಂಟರೂ ಬಂತು. ವಿಂಡೋಸ್ ಅದರಲ್ಲಿ ಏಳುತ್ತಲೇ ಇರಲಿಲ್ಲ, ದುಡ್ಡು ಕೊಟ್ಟು ಹೊಸದು ಹಾಕಿಸುವ ಶಕ್ತಿ ನಮಗಿರಲಿಲ್ಲ. ಪುಕ್ಕಟೆ ಸಿಗುವ ಲಿನಕ್ಸ್ ಹಾಕೋಣ ಎಂದು ಕೂತೆವು. ಹಾಕಿದೆವು, ಓಡಿತು ಕೂಡ. ಪ್ರಿಂಟರ್ ಮಾತ್ರ ಕನ್ನಡ ಎಂದರೆ ಸಾಕು, ಅಕ್ಷರದ ಬದಲು ಚೌಕ ಚೌಕ ಡಬ್ಬಿ ಉಗುಳುತ್ತಿತ್ತು.

ಎರಡು ದಿನ ಒದ್ದಾಡಿದೆವು. ಮೂರನೆಯ ದಿನ ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಾ ಹುಡುಕುತ್ತಾ ಒಂದು ಪುಟ ಸಿಕ್ಕಿತು. ಯಾರೋ ಹತ್ತು ವರ್ಷದ ಹಿಂದೆ ಬರೆದಿಟ್ಟದ್ದು. ಇದನ್ನು ತೆರೆಯಿರಿ, ಇದನ್ನು ಹಾಕಿ, ಆಮೇಲೆ ಹೀಗೆ ಮಾಡಿ ಎಂದು ಏಳೆಂಟು ಸಾಲು. ಅಷ್ಟೇ. ಹತ್ತು ನಿಮಿಷದಲ್ಲಿ ಕನ್ನಡ ಅಚ್ಚಾಯಿತು. ಬರೆದವರ ಹೆಸರು ನೋಡೋಣ ಎಂದರೆ ಅಲ್ಲಿದ್ದದ್ದು ಒಂದು ಅಡ್ಡಹೆಸರು. ಊರಿಲ್ಲ, ಫೋಟೊ ಇಲ್ಲ.

ನಾವು ಓದಿದ್ದು ಪತ್ರಿಕೋದ್ಯಮ. ಬೈಲೈನ್‌ಗಾಗಿ ಜಗಳವಾಡುವ ಜಾತಿ ನಮ್ಮದು. ಹಾಗಾಗಿ ಹೆಸರೂ ಹಾಕಿಕೊಳ್ಳದೆ, ಕಾಸೂ ಕೇಳದೆ ಇಂಥದ್ದನ್ನು ಬರೆದಿಡುವ ಜನ ಯಾರು, ಇದು ಯಾವಾಗ ಶುರುವಾಯಿತು ಎಂದು ಕುತೂಹಲ ಹುಟ್ಟಿತು. ಓದುತ್ತಾ ಹೋದಂತೆ ಸಿಕ್ಕ ಕಥೆ ಇಲ್ಲಿದೆ. ನಿಮಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ನೀವು ಇದನ್ನು ಓದುತ್ತಿರುವ ಮೊಬೈಲು ಆಂಡ್ರಾಯ್ಡ್ ಆಗಿದ್ದರೆ ಅದರ ಒಡಲಿನಲ್ಲಿ ಓಡುತ್ತಿರುವುದೂ ಲಿನಕ್ಸೇ.

ಮೊದಲು ಮುಕ್ತ ತಂತ್ರಾಂಶ ಎಂದರೇನು ಎಂಬುದನ್ನು ಹೇಳಿಬಿಡೋಣ. ಪಂಪ್‌ಸೆಟ್ಟಿನ ಮೋಟಾರ್ ಸುಟ್ಟರೆ ನಾವು ವೈಂಡಿಂಗ್ ಅಂಗಡಿಗೆ ಒಯ್ಯುತ್ತೇವೆ. ಅವನು ಬಿಚ್ಚಿ, ಒಳಗಿನ ಸುತ್ತು ಎಣಿಸಿ, ಹೊಸ ತಂತಿ ಸುತ್ತಿ ಕೊಡುತ್ತಾನೆ. ಬಿಚ್ಚಲು ಆಗದ ಹಾಗೆ ಕಂಪನಿಯವರು ಮೋಟಾರನ್ನು ಬೆಸುಗೆ ಹಾಕಿಬಿಟ್ಟರೆ? ಬಿಚ್ಚಿದವನ ಮೇಲೆ ಕೇಸು ಹಾಕುತ್ತೇವೆ ಎಂದರೆ? ಮಾಮೂಲಿ ತಂತ್ರಾಂಶಗಳು ಬೆಸುಗೆ ಹಾಕಿದ ಮೋಟಾರಿನ ಹಾಗೆ. ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಬಿಚ್ಚಬಹುದು, ರಿಪೇರಿ ಮಾಡಬಹುದು, ಮಾಡಿದ್ದನ್ನು ನೆರೆಯವರಿಗೆ ಹಂಚಬಹುದು.

ಈ ವಿಚಾರ ಹುಟ್ಟಿದ್ದಕ್ಕೂ ಒಂದು ಪ್ರಿಂಟರೇ ಕಾರಣ ಎಂದು ತಿಳಿದಾಗ ನಮಗೆ ನಗು ಬಂತು. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬುವರು ಕೆಲಸ ಮಾಡುತ್ತಿದ್ದರು. ಅಲ್ಲಿಗೆ ಬಂದ ಹೊಸ ಲೇಸರ್ ಪ್ರಿಂಟರಿನಲ್ಲಿ ಕಾಗದ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ಪ್ರೋಗ್ರಾಮನ್ನು ಅವರು ತಿದ್ದಿದ್ದರು. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುತ್ತಿತ್ತು, ಯಾರಾದರೂ ಎದ್ದು ಹೋಗಿ ಎಳೆಯುತ್ತಿದ್ದರು. ಹೊಸದರ ಪ್ರೋಗ್ರಾಂ ಕೇಳಿದಾಗ, ಅದು ಇದ್ದವರು ‘ಕೊಡುವುದಿಲ್ಲ ಎಂದು ಕರಾರು ಮಾಡಿಕೊಟ್ಟಿದ್ದೇನೆ’ ಎಂದುಬಿಟ್ಟರು. ಆ ಸಿಟ್ಟು ಒಳಗೇ ಬೆಳೆಯಿತು. 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್ಮನ್ ‘ಗ್ನೂ’ ಎಂಬ ಯೋಜನೆ ಘೋಷಿಸಿದರು. ಎಲ್ಲರೂ ಬಿಚ್ಚಿ ನೋಡಬಹುದಾದ ಒಂದು ಇಡೀ ಕಂಪ್ಯೂಟರ್ ವ್ಯವಸ್ಥೆ ಕಟ್ಟುವುದು ಅದರ ಗುರಿ. ಅದಕ್ಕೆ ಬೇಕಿದ್ದ ಗುಂಡಿಗೆಯಂಥ ಒಂದು ಭಾಗ ಬಂದದ್ದು ಬೇರೆ ಕಡೆಯಿಂದ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಅದು.

ಈ ಭಾಗ ಎಲ್ಲರಿಗೂ ಗೊತ್ತಿರುವ ಇತಿಹಾಸ. ಪ್ರೋಗ್ರಾಂ ಬರೆದವರ ಹೆಸರು ಪುಸ್ತಕಗಳಲ್ಲಿ ಇರುತ್ತದೆ. ಆ ಪ್ರೋಗ್ರಾಂ ಬಳಸುವುದು ಹೇಗೆ ಎಂದು ಬರೆದವರ ಹೆಸರು ಇರುವುದಿಲ್ಲ. ಅಡುಗೆಯವನನ್ನು ಹೊಗಳಿ ಬಡಿಸಿದವನನ್ನು ಮರೆಯುವ ನಮ್ಮ ಮದುವೆ ಮನೆಗಳ ಕಥೆಯೇ ಇಲ್ಲೂ.

ಬರೆದಿಡುವ ಕೆಲಸಕ್ಕೆ ಗ್ನೂಗಿಂತಲೂ ಹಳೆಯ ಬೇರಿದೆ. 1971ರ ನವೆಂಬರ್ 3ರಂದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ತಾವು ಕಟ್ಟಿದ ಯುನಿಕ್ಸ್ ಎಂಬ ವ್ಯವಸ್ಥೆಗೆ ಮೊದಲ ಕೈಪಿಡಿ ಹೊರಡಿಸಿದರು. ಒಂದೊಂದು ಆಜ್ಞೆಗೆ ಒಂದೊಂದು ಪುಟ. ಹೆಸರೇನು, ಏನು ಮಾಡುತ್ತದೆ, ಹೇಗೆ ಬಳಸಬೇಕು. ಪ್ರತಿ ಪುಟದಲ್ಲೂ ಅದರ ಹೊಣೆಗಾರರು ಯಾರು ಎಂದು ಗುರುತು ಹಾಕಿದ್ದರು. ನಮಗೆ ಬಹಳ ಹಿಡಿಸಿದ್ದು ಪುಟದ ಕೊನೆಯಲ್ಲಿ ಬರುವ ‘ಬಗ್ಸ್’ ಎಂಬ ತಲೆಬರಹ. ಎಂದರೆ, ಇದರಲ್ಲಿರುವ ದೋಷಗಳು. ಮಾಡಿದವರೇ ತಮ್ಮ ಕೆಲಸದ ಹುಳುಕನ್ನು ಕೈಪಿಡಿಯಲ್ಲೇ ಅಚ್ಚು ಹಾಕಿಸಿದ್ದರು! ಗೊಬ್ಬರದ ಚೀಲದ ಮೇಲೆ, ಬಿತ್ತನೆ ಬೀಜದ ಪೊಟ್ಟಣದ ಮೇಲೆ ಅಂಥ ಒಂದು ಸಾಲು ಎಂದಾದರೂ ಕಂಡಿದ್ದೀರಾ? ಅಲ್ಲಿನ ಡಗ್ ಮೆಕಿಲ್ರಾಯ್ ಎಂಬ ಹಿರಿಯರು ಕೈಪಿಡಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಬರೆಯಲು ಕೂತಾಗ ವಿವರಿಸುವುದೇ ಕಷ್ಟವಾಯಿತು ಎಂದರೆ ಅಲ್ಲಿನವರು ವಿವರಣೆ ಉದ್ದ ಮಾಡುತ್ತಿರಲಿಲ್ಲ, ಪ್ರೋಗ್ರಾಮನ್ನೇ ತಿದ್ದುತ್ತಿದ್ದರು.

ಆದರೆ ಬೆಲ್ ಲ್ಯಾಬ್ಸ್‌ನವರಿಗೆ ಸಂಬಳ ಬರುತ್ತಿತ್ತು. ಲಿನಕ್ಸ್ ಬಂದಾಗ ಪರಿಸ್ಥಿತಿ ಬೇರೆ. ಜಗತ್ತಿನ ಮೂಲೆಮೂಲೆಯ ಹುಡುಗರು ಅದನ್ನು ಫ್ಲಾಪಿಗಳಿಗೆ ಇಳಿಸಿಕೊಂಡು ಮನೆಯ ಕಂಪ್ಯೂಟರಿಗೆ ಹಾಕಲು ಹೊರಟರು. ಹಾಕುವುದು ಹೇಗೆ ಎಂದು ಹೇಳಲು ಯಾರೂ ಇರಲಿಲ್ಲ. ಬಲ್ಲವರನ್ನು ಕೇಳಿದರೆ ‘ಕೈಪಿಡಿ ಓದು’ ಎಂಬ ಉತ್ತರ, ನಡುವೆ ಒಂದು ಕೆಟ್ಟ ಬೈಗುಳ ಸೇರಿಸಿ. ಆ ಬೈಗುಳ ಸಮೇತ ಅದು ಕಂಪ್ಯೂಟರ್ ಲೋಕದ ಗಾದೆಯೇ ಆಗಿಹೋಯಿತು. ಓದಲು ಕೈಪಿಡಿ ಎಲ್ಲಿದೆ ಸ್ವಾಮಿ ಎಂದು ಕೇಳುವ ಧೈರ್ಯ ಹೊಸಬರಿಗೆ ಎಲ್ಲಿಂದ ಬರಬೇಕು?

1992ರ ಹೊತ್ತಿಗೆ ಮೂವರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮ್ಯಾಟ್ ವೆಲ್ಷ್, ಹೆಲ್ಸಿಂಕಿಯಲ್ಲಿ ಲಿನಸ್‌ನ ಜೊತೆಗೇ ಓದುತ್ತಿದ್ದ ಗೆಳೆಯ ಲಾರ್ಸ್ ವಿರ್ಜೇನಿಯಸ್, ಮತ್ತು ಮೈಕೆಲ್ ಕೆ. ಜಾನ್ಸನ್. ಇವರು ಹುಟ್ಟುಹಾಕಿದ್ದು ‘ಲಿನಕ್ಸ್ ಡಾಕ್ಯುಮೆಂಟೇಶನ್ ಪ್ರಾಜೆಕ್ಟ್’. ಹೆಸರು ದೊಡ್ಡದಿದ್ದರೂ ಕಚೇರಿ ಇಲ್ಲ, ಬೋರ್ಡಿಲ್ಲ, ನೋಂದಣಿಯೂ ಇಲ್ಲ. ಬರೆದದ್ದನ್ನೆಲ್ಲ ಒಂದೆಡೆ ಸೇರಿಸಿಡಲು ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಒಂದು ಸರ್ವರಿನಲ್ಲಿ ಜಾಗ ಸಿಕ್ಕಿತು. ಲಿನಕ್ಸ್ ಹಾಕಿ ಕೆಲಸ ಶುರುಮಾಡುವುದು ಹೇಗೆ ಎಂದು ಮ್ಯಾಟ್ ಬರೆದರು. ವ್ಯವಸ್ಥೆಯನ್ನು ನೋಡಿಕೊಳ್ಳುವುದು ಹೇಗೆ ಎಂದು ಲಾರ್ಸ್ ಬರೆದರು. ಅದರ ಒಳಹೊಕ್ಕು ತಿದ್ದುವವರಿಗಾಗಿ ಜಾನ್ಸನ್ ಬರೆದರು. ಒಂದು ಕಂಪ್ಯೂಟರನ್ನು ಇನ್ನೊಂದಕ್ಕೆ ಜೋಡಿಸುವ ನೆಟ್‌ವರ್ಕ್ ಬಗ್ಗೆ ಜರ್ಮನಿಯ ಓಲಾಫ್ ಕಿರ್ಖ್ ಬರೆದ ಪುಸ್ತಕವನ್ನು 1995ರಲ್ಲಿ ಓರೈಲಿ ಎಂಬ ದೊಡ್ಡ ಪ್ರಕಾಶಕರು ಅಚ್ಚು ಹಾಕಿದರು. ಅದೇ ಪುಸ್ತಕ ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿಯೂ ಸಿಗುತ್ತಿತ್ತು. ಪುಕ್ಕಟೆ ಸಿಗುವುದನ್ನು ಅಚ್ಚುಹಾಕಿ ಮಾರಬಹುದು ಎಂಬುದು ಆಗ ಹೊಸ ಮಾತು.

ದಪ್ಪ ಪುಸ್ತಕಗಳಿಗಿಂತ ಜನಕ್ಕೆ ಒದಗಿ ಬಂದದ್ದು ‘ಹೌಟು’ ಎಂಬ ಚಿಕ್ಕ ಬರಹಗಳು. ಒಂದು ಹೌಟು, ಒಂದು ಕೆಲಸ. ಮೋಡೆಮ್ ಹೌಟು, ಪ್ರಿಂಟಿಂಗ್ ಹೌಟು, ಈಥರ್‌ನೆಟ್ ಹೌಟು. ಬರೆಯುವವರು ಪಂಡಿತರೇ ಆಗಬೇಕಿರಲಿಲ್ಲ. ತಾನು ಎಡವಿದ ಜಾಗ ನೆನಪಿರುವಾಗಲೇ ಅದನ್ನು ಬರೆದಿಟ್ಟರೆ ಸಾಕಿತ್ತು. ಇನ್ನೂ ಚಿಕ್ಕ ವಿಷಯವಾದರೆ ‘ಮಿನಿ ಹೌಟು’. ಲಿನಕ್ಸಿನಿಂದ ಕಾಫಿ ಮಾಡುವ ಯಂತ್ರ ನಡೆಸುವುದು ಹೇಗೆ ಎಂದು ಒಬ್ಬ ಪುಣ್ಯಾತ್ಮ ಬರೆದಿಟ್ಟಿದ್ದಾನೆ, ಅದೂ ಈ ಭಂಡಾರದಲ್ಲಿದೆ. ಪ್ರತಿ ಹೌಟುವಿನಲ್ಲೂ ಬರೆದವರ ಇ-ಮೇಲ್ ವಿಳಾಸ, ‘ತಪ್ಪು ಕಂಡರೆ ತಿಳಿಸಿ’ ಎಂಬ ಕೋರಿಕೆ, ತಿಳಿಸಿದವರಿಗೆಲ್ಲ ಧನ್ಯವಾದ. ಕೆಲವದರಲ್ಲಿ ಈ ಧನ್ಯವಾದದ ಪಟ್ಟಿ ನಮ್ಮೂರ ಮದುವೆ ಕರೆಯೋಲೆಯ ‘ಸುಖಾಗಮನ ಬಯಸುವವರು’ ಪಟ್ಟಿಯಷ್ಟು ಉದ್ದ. ಕಾಲಕ್ರಮದಲ್ಲಿ ಬರಹಗಳ ಸಂಖ್ಯೆ 400 ದಾಟಿತು. ಜಪಾನೀಯರು ತಮ್ಮದೇ ಗುಂಪು ಕಟ್ಟಿಕೊಂಡು ಅವನ್ನು ತಮ್ಮ ಭಾಷೆಗೆ ತಂದುಕೊಂಡರು. ಫ್ರೆಂಚರು, ಇಟಲಿಯವರೂ ತಂದುಕೊಂಡರು.

ನಮ್ಮ ಹಿರಿಯರು ‘ಮುಯ್ಯಾಳು’ ಅನ್ನುತ್ತಿದ್ದರಲ್ಲ, ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಇದೂ ಹಾಗೆಯೇ ಎಂದು ನಮ್ಮಲ್ಲೊಬ್ಬಳು ಹೇಳಿದಳು. ಸ್ವಲ್ಪ ಹೊತ್ತು ಚರ್ಚೆಯಾಯಿತು. ಪೂರ್ತಿ ಹಾಗಲ್ಲ ಅನಿಸಿತು. ಮುಯ್ಯಾಳಿನಲ್ಲಿ ಯಾರು ಯಾರಿಗೆ ಎಷ್ಟಾಳು ಬಾಕಿ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ತೀರಿಸದಿದ್ದರೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಇಲ್ಲಿ ಓದಿ ಉಪಯೋಗ ಪಡೆದವನು ಯಾವ ದೇಶದಲ್ಲಿದ್ದಾನೋ, ತೀರಿಸುತ್ತಾನೋ ಇಲ್ಲವೋ, ಬರೆದವನಿಗೆ ತಿಳಿಯುವುದೇ ಇಲ್ಲ. ದಾರಿ ಬದಿ ಅರವಟ್ಟಿಗೆ ಇಟ್ಟವರಿಗೆ ಇದನ್ನು ಹೋಲಿಸಬಹುದೇನೋ.

ಸುಮ್ಮನೆ ಬರೆದಿಡುವುದು ತಾನೇ, ಅದರಲ್ಲೇನು ಮಹಾ ಎಂದು ನಮಗೂ ಮೊದಲು ಅನಿಸಿತ್ತು. ಎರಿಕ್ ರೇಮಂಡ್ ಎಂಬುವರು ಪರದೆಯ ಮೇಲೆ ಚಿತ್ರ ಮೂಡಿಸುವ ಲೆಕ್ಕದ ಬಗ್ಗೆ ಬರೆದ ಹೌಟು ನೋಡಿದ ಮೇಲೆ ಆ ಮಾತು ಬಿಟ್ಟೆವು. ಆಗಿನ ಡಬ್ಬಿ ಮಾನಿಟರುಗಳಿಗೆ ಅವು ತಡೆಯಲಾರದ ವೇಗದ ಅಂಕಿ ಕೊಟ್ಟರೆ ಸುಟ್ಟುಹೋಗುವ ಅಪಾಯವಿತ್ತು. ಹಾಗಾಗಿ ಆ ಬರಹದಲ್ಲಿ ಸ್ಪಷ್ಟ ಎಚ್ಚರಿಕೆ ಇದೆ. ಯೋಚಿಸಿ, ಒಂದು ಅಂಕಿ ತಪ್ಪು ಬರೆದರೆ ಇನ್ನೆಲ್ಲೋ ಒಬ್ಬ ವಿದ್ಯಾರ್ಥಿ ಕೂಡಿಟ್ಟ ದುಡ್ಡಿನಲ್ಲಿ ತಂದ ಮಾನಿಟರ್ ಹೊಗೆ. ಬರೆದವರಿಗೆ ಸಂಬಳವಿಲ್ಲ, ಆದರೆ ಹೊಣೆ ಇತ್ತು.

ಪ್ರಿಂಟಿಂಗ್ ಹೌಟು ಬರೆದ ಗ್ರಾಂಟ್ ಟೇಲರ್ ಕೆಲಸವೂ ಹೇಳುವಂಥದ್ದು. ಯಾವ ಪ್ರಿಂಟರ್ ಲಿನಕ್ಸಿನಲ್ಲಿ ನಡೆಯುತ್ತದೆ ಎಂದು ಜನ ಕೇಳುತ್ತಲೇ ಇದ್ದರು. ಅವರು ಬಳಸಿದವರಿಂದಲೇ ವಿವರ ತರಿಸಿಕೊಂಡು ಒಂದು ಪಟ್ಟಿ ಮಾಡಿದರು. ಪೂರ್ತಿ ನಡೆಯುತ್ತದೆ, ಬಹುಮಟ್ಟಿಗೆ ನಡೆಯುತ್ತದೆ, ಅಲ್ಪಸ್ವಲ್ಪ ನಡೆಯುತ್ತದೆ ಎಂದು ದರ್ಜೆಗಳು. ಕೊನೆಯ ದರ್ಜೆಯ ಹೆಸರು ‘ಪೇಪರ್‌ವೇಟ್’. ಅಂಥ ಪ್ರಿಂಟರನ್ನು ಕಾಗದ ಹಾರಿಹೋಗದಂತೆ ಮೇಲೆ ಇಡಲು ಬಳಸಬಹುದು, ಬೇರೆ ಉಪಯೋಗವಿಲ್ಲ ಎಂದರ್ಥ. ಕೊಳ್ಳುವ ಮುಂಚೆ ಜನ ಈ ಪಟ್ಟಿ ನೋಡತೊಡಗಿದರು. ಮುಂದೆ ಈ ಕೆಲಸ ಲಿನಕ್ಸ್ ಫೌಂಡೇಶನ್ ಎಂಬ ಸಂಸ್ಥೆಯ ಮಡಿಲಿಗೆ ಹೋಗಿ ಇವತ್ತಿಗೂ ನಡೆಯುತ್ತಿದೆ. ನಮಗೆ ಬಂದ ಪ್ರಿಂಟರ್ ‘ಪೇಪರ್‌ವೇಟ್’ ಆಗದೆ ಉಳಿದದ್ದರ ಹಿಂದೆ ಇಂಥವರ ದುಡಿಮೆಯಿದೆ.

ಇನ್ನು ಜಗಳದ ಭಾಗ. ಪ್ರೋಗ್ರಾಂ ಮುಕ್ತವಾಗಿದ್ದು ಅದರ ಕೈಪಿಡಿ ಮುಕ್ತವಾಗಿಲ್ಲದಿದ್ದರೆ ಹೇಗೆ? ಸ್ಟಾಲ್ಮನ್‌ಗೆ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಮನಸ್ಸಾಯಿತು. ಮುಕ್ತ ಕೈಪಿಡಿ ಓದಲು ಕಷ್ಟವೆನಿಸಿತು. ಒಳ್ಳೆಯ ಕೈಪಿಡಿಗಳು ಬೇರೆ ಇವೆ, ಆದರೆ ಅವು ಮುಕ್ತವಲ್ಲ ಎಂದು ಬಳಕೆದಾರರು ಹೇಳಿದರು. ಬೆಲೆ ಇಲ್ಲಿ ವಿಷಯವಲ್ಲ. ಪ್ರೋಗ್ರಾಮನ್ನು ತಿದ್ದಿದವನು ಕೈಪಿಡಿಯನ್ನೂ ತಿದ್ದಬೇಕಲ್ಲ, ಅದಕ್ಕೆ ಅನುಮತಿ ಇಲ್ಲದಿದ್ದರೆ ಕೈಪಿಡಿ ಸುಳ್ಳು ಹೇಳುತ್ತಾ ಕೂರುತ್ತದೆ.

ಲಿನಕ್ಸ್ ಹೌಟುಗಳಲ್ಲೂ ಇದೇ ತೊಡಕು ಕಾಣಿಸಿಕೊಂಡಿತು. ಎಷ್ಟೋ ಬರಹಗಳನ್ನು ಹಂಚಬಹುದಿತ್ತು, ಆದರೆ ತಿದ್ದಲು ಅಥವಾ ಅನುವಾದಿಸಲು ಬರೆದವರ ಲಿಖಿತ ಒಪ್ಪಿಗೆ ಬೇಕಿತ್ತು. ಬರೆದ ಹುಡುಗ ಕಾಲೇಜು ಮುಗಿಸಿ ಕೆಲಸಕ್ಕೆ ಹೋದ, ಮದುವೆಯಾದ, ಇ-ಮೇಲ್ ವಿಳಾಸ ಸತ್ತುಹೋಯಿತು. ಒಪ್ಪಿಗೆ ಕೊಡುವವರು ಯಾರು? ಜಂಟಿ ಖಾತೆಯ ಪಹಣಿಯಲ್ಲಿ ಒಬ್ಬ ದಾಯಾದಿ ಊರುಬಿಟ್ಟು ಹೋದರೆ ಉಳಿದವರ ಪಾಡು ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ.

2000ದಲ್ಲಿ ಸ್ಟಾಲ್ಮನ್ ಅವರ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕೈಪಿಡಿಗಳಿಗೆಂದೇ ‘ಗ್ನೂ ಫ್ರೀ ಡಾಕ್ಯುಮೆಂಟೇಶನ್ ಲೈಸೆನ್ಸ್’ ಹೊರತಂದಿತು. ಯಾರೂ ಹಂಚಬಹುದು, ತಿದ್ದಬಹುದು, ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಆದರೆ ಬರೆದವರು ಕೆಲವು ಭಾಗಗಳನ್ನು ‘ಇವನ್ನು ಮುಟ್ಟಬೇಡಿ’ ಎಂದು ಗುರುತು ಹಾಕುವ ಅವಕಾಶವೂ ಅದರಲ್ಲಿತ್ತು. ಡೆಬಿಯನ್ ಎಂಬ ಲಿನಕ್ಸ್ ಸಮುದಾಯ ಅದನ್ನು ಒಪ್ಪಲಿಲ್ಲ. 2006ರಲ್ಲಿ ಮತ ಹಾಕಿ, ಮುಟ್ಟಬಾರದ ಭಾಗವಿರುವ ಕೈಪಿಡಿ ಮುಕ್ತವಲ್ಲ, ಅದಿಲ್ಲದ್ದು ಮುಕ್ತ ಎಂದು ತೀರ್ಮಾನಿಸಿದರು. ಗ್ನೂ ಹೆಸರಿನ ಕೈಪಿಡಿಯನ್ನೇ ಹೊರಗಿಟ್ಟರಲ್ಲ ಎಂದು ಕೆಲವರಿಗೆ ನೋವಾಯಿತು. ನಮ್ಮ ಒಲವು ಡೆಬಿಯನ್ ಕಡೆಗೇ.

ಈ ಲೈಸೆನ್ಸಿನ ಎಳೆ ನಮ್ಮ ತನಕವೂ ಬಂದಿದೆ. 2001ರಲ್ಲಿ ಶುರುವಾದ ವಿಕಿಪೀಡಿಯ ಆರಿಸಿಕೊಂಡದ್ದು ಇದನ್ನೇ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದ ಲೇಖನಗಳೂ 2009ರ ವರೆಗೆ ಇದರ ನೆರಳಿನಲ್ಲೇ ಇದ್ದವು, ಆಮೇಲೆ ವಿಕಿಪೀಡಿಯ ಕ್ರಿಯೇಟಿವ್ ಕಾಮನ್ಸ್ ಎಂಬ ಇನ್ನೊಂದು ಪರವಾನಗಿಗೆ ಹೊರಳಿತು. ಕಂಪ್ಯೂಟರ್ ಕೈಪಿಡಿಗೆಂದು ಹೊಲಿದ ಅಂಗಿ ಇಡೀ ವಿಶ್ವಕೋಶಕ್ಕೇ ಆಗಿಬಂತು.

ಕೆರೆ ಕಟ್ಟುವುದು ಒಂದು ಸಲದ ಕೆಲಸ, ಹೂಳೆತ್ತುವುದು ವರ್ಷವರ್ಷದ ಕೆಲಸ. ಕಟ್ಟಿದವನಿಗೆ ಶಾಸನ, ಹೂಳೆತ್ತಿದವನಿಗೆ ಬೆನ್ನು ನೋವು. ಲಿನಕ್ಸ್ ಡಾಕ್ಯುಮೆಂಟೇಶನ್ ಪ್ರಾಜೆಕ್ಟನ್ನು ನಿಧಾನಕ್ಕೆ ತುಂಬಿದ್ದು ಈ ಹೂಳೇ. ಪ್ರೋಗ್ರಾಂಗಳು ಮುಂದೆ ಹೋದವು, ಬರಹಗಳು ಅಲ್ಲೇ ಉಳಿದವು. ಹುಡುಕಿದರೆ ಹಳೆಯ ಹೌಟುವೇ ಮೊದಲು ಸಿಗುತ್ತಿತ್ತು, ಅದರಂತೆ ಮಾಡಿದವರು ಕೆಡುತ್ತಿದ್ದರು. ಅಷ್ಟರಲ್ಲಿ ಉಬುಂಟು, ಆರ್ಚ್ ಮುಂತಾದ ಲಿನಕ್ಸ್ ಬಳಗಗಳು ಯಾರು ಬೇಕಾದರೂ ತಿದ್ದಬಹುದಾದ ತಮ್ಮತಮ್ಮ ವಿಕಿಗಳನ್ನು ಕಟ್ಟಿಕೊಂಡಿದ್ದವು. ಜನ ಅತ್ತ ಸರಿದರು. ಮೊದಲಿನ ಪ್ರಾಜೆಕ್ಟು ಈಗ ಬಹುಮಟ್ಟಿಗೆ ಮಲಗಿದೆ.

ಹೂಳೆತ್ತುವವರಲ್ಲಿ ಒಬ್ಬರ ಬಗ್ಗೆ ಹೇಳಲೇಬೇಕು. ಬೆಲ್ ಲ್ಯಾಬ್ಸ್ ಮಾದರಿಯ ‘ಮ್ಯಾನ್ ಪುಟ’ಗಳು ಲಿನಕ್ಸಿಗೂ ಇವೆ. 2004ರಿಂದ ಹೆಚ್ಚುಕಡಿಮೆ ಒಂದೂವರೆ ದಶಕ ಅವನ್ನು ನೋಡಿಕೊಂಡವರು ನ್ಯೂಜಿಲೆಂಡ್ ಮೂಲದ ಮೈಕೆಲ್ ಕೆರಿಸ್ಕ್. ಕೈಪಿಡಿ ಬರೆಯಲು ಕೂತಾಗ ಪ್ರತಿ ಮಾತನ್ನೂ ಓಡಿಸಿ ನೋಡುವುದು ಅವರ ಕ್ರಮ. ಹಾಗೆ ನೋಡುವಾಗ ಲಿನಕ್ಸಿನ ಒಳಗಿನ ದೋಷಗಳೇ ಸಿಕ್ಕಿವೆ. ಈ ಅನುಭವದಿಂದ 2010ರಲ್ಲಿ 1500ಕ್ಕೂ ಹೆಚ್ಚು ಪುಟದ ಒಂದು ಪುಸ್ತಕವನ್ನೂ ಬರೆದರು. ಅವರ ನಂತರ ಅಲೆಹಾಂಡ್ರೊ ಕೊಲೊಮಾರ್ ಎಂಬುವರು ಬಿಡುವಿನ ವೇಳೆಯಲ್ಲಿ ಈ ಕೆಲಸ ಹೊತ್ತರು. 2024ರ ಸೆಪ್ಟೆಂಬರಿನಲ್ಲಿ, ಸಂಬಳವಿಲ್ಲದೆ ಇನ್ನು ನಡೆಸಲಾರೆ ಎಂದು ಹೇಳಿ ಕೆಲಸ ನಿಲ್ಲಿಸಿದರು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಎಂಜಿನಿಯರುಗಳೆಲ್ಲ ದಿನಾ ತೆರೆಯುವ ಪುಟಗಳು ಅವು! ಸುದ್ದಿ ಹರಡಿದ ಮೇಲೆ ಕೆಲವು ಕಂಪನಿಗಳು ಹಣ ಹೊಂದಿಸಿದವು, ಕೆಲಸ ಮುಂದುವರಿಯಿತು. ನಿಲ್ಲಿಸುವ ತನಕ ಯಾರಿಗೂ ಹೊಳೆದಿರಲಿಲ್ಲ. ಊರ ನೀರುಗಂಟಿ ಒಂದು ದಿನ ಬಾರದಿದ್ದಾಗಲೇ ಅಲ್ಲವೇ ನಮಗೂ ಅವನ ನೆನಪಾಗುವುದು.

ಕನ್ನಡಕ್ಕೆ ಬರೋಣ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಮುಕ್ತ ತಂತ್ರಾಂಶ ಬಳಸುವುದನ್ನು ಹತ್ತು ನಿಮಿಷದ ಆಸುಪಾಸಿನ ವಿಡಿಯೊಗಳಲ್ಲಿ ಹೇಳಿಕೊಡುತ್ತದೆ. ಲಿಬ್ರೆ ಆಫೀಸ್, ಜಿಂಪ್ ಮುಂತಾದವುಗಳ ಪಾಠ ಕನ್ನಡದಲ್ಲೂ ಇವೆ. ಅವರ ಒಂದು ಪದ್ಧತಿ ನಮಗೆ ಮೆಚ್ಚುಗೆಯಾಯಿತು. ಪಾಠ ಬರೆದ ಮೇಲೆ, ಆ ತಂತ್ರಾಂಶ ಗೊತ್ತೇ ಇಲ್ಲದ ಒಬ್ಬರ ಕೈಗೆ ಕೊಡುತ್ತಾರೆ. ಅವರು ಓದಿಕೊಂಡು ಮಾಡಲು ಆದರೆ ಮಾತ್ರ ಪಾಸು. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಯೋಜನೆಯಲ್ಲಿ ನಮ್ಮ ಸರ್ಕಾರಿ ಹೈಸ್ಕೂಲಿನ ಮೇಷ್ಟ್ರು, ಮೇಡಂಗಳೇ ಪಾಠಗಳನ್ನು ಬರೆದಿದ್ದಾರೆ. ಗಣಿತಕ್ಕೆ ಬಳಸುವ ಜಿಯೋಜಿಬ್ರಾದಂಥ ತಂತ್ರಾಂಶ ಕಲಿಯುವ ಪುಟಗಳೂ ಕನ್ನಡದಲ್ಲಿ ಸಿಗುತ್ತವೆ.

ಆದರೂ ನಮ್ಮ ಪ್ರಿಂಟರಿನ ಕಾಯಿಲೆಗೆ ಔಷಧ ಸಿಕ್ಕಿದ್ದು ಇಂಗ್ಲಿಷಿನಲ್ಲಿ. ನಮಗೆ ಹೇಗೋ ಅರ್ಥವಾಯಿತು. ಅರ್ಥವಾಗದವರು ಆ ಕಂಪ್ಯೂಟರನ್ನು ಗುಜರಿಗೇ ಹಾಕುತ್ತಿದ್ದರು.

ಹಾಗಾಗಿ ನಾವು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಬರೆಯತೊಡಗಿದೆವು. ಮೊದಲ ದಿನ ಶುದ್ಧ ಕನ್ನಡದ ಹುರುಪಿನಲ್ಲಿ ‘ಕಡತಕೋಶವನ್ನು ತೆರೆಯಿರಿ’ ಎಂದೆಲ್ಲ ಬರೆದೆವು. ಓದಿದವರು ಪರದೆಯ ಮೇಲೆ ಕಡತಕೋಶ ಹುಡುಕಿ ಹುಡುಕಿ ಸುಸ್ತಾದರು, ಯಾಕೆಂದರೆ ಪರದೆ ಮೇಲಿದ್ದದ್ದು ‘ಫೋಲ್ಡರ್’. ಹೊಡೆದು ಹಾಕಿ ಪರದೆಯಲ್ಲಿ ಇರುವುದನ್ನೇ ಕನ್ನಡ ಅಕ್ಷರದಲ್ಲಿ ಬರೆದೆವು. ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು ಕೇಳಿದವರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇವೆ.

ಹೋದ ತಿಂಗಳು ಪಕ್ಕದ ಊರಿನ ಪಿಯುಸಿ ಓದುವ ಹುಡುಗಿಯೊಬ್ಬಳು ಫೋನ್ ಮಾಡಿದಳು. ‘ಅಣ್ಣಾ, ನಿಮ್ಮ ಪುಟದಲ್ಲಿ ಆರನೇದು ತಪ್ಪಿದೆ. ಹೊಸ ಲಿನಕ್ಸಲ್ಲಿ ಆ ಬಟನ್ ಅಲ್ಲಿಲ್ಲ, ಸೆಟ್ಟಿಂಗ್ಸ್ ಒಳಗೆ ಹೋಗಿದೆ. ನಾನು ಹುಡುಕಿ ಮಾಡಿಕೊಂಡೆ, ನೀವು ಸರಿ ಮಾಡಿ’ ಅಂದಳು. ಸರಿ ಮಾಡಿದೆವು. ಪುಟದ ಕೆಳಗೆ ತಾರೀಖು ಹಾಕಿ, ತಪ್ಪು ತೋರಿಸಿದವರು ಎಂದು ಅವಳ ಹೆಸರು ಬರೆದೆವು. ಇನ್ನು ಮೇಲೆ ಬರೆಯುವಾಗ ಪೆನ್ನಿನ ಬದಲು ಪೆನ್ಸಿಲ್ ಹಿಡಿಯುವುದೆಂದು ತೀರ್ಮಾನವಾಗಿದೆ.